ನೆಲ ಮೊದಲು, ಬೈಕ್ ಆಮೇಲೆ: ಟ್ರೇಲ್ ಸವಾರಿಗೆ ಬೈಕ್ ಮತ್ತು ಟೈರುಗಳ ಆಯ್ಕೆ

ಮೌಂಟನ್ ಬೈಕ್ ಕೊಳ್ಳಲು ಹೊರಟವರು ಸಾಮಾನ್ಯವಾಗಿ ಮೂರು ನಾಲ್ಕು ಮಾದರಿಗಳನ್ನು ಪಟ್ಟಿ ಮಾಡಿಕೊಂಡು, ಅವುಗಳ ಗೇರು, ಬ್ರೇಕು, ತೂಕಗಳನ್ನು ಅಕ್ಕಪಕ್ಕದಲ್ಲಿಟ್ಟು ನೋಡಿ, ಇವುಗಳಲ್ಲಿ ಯಾವುದು ಒಳ್ಳೆಯದು ಎಂದು ಕೇಳುತ್ತಾರೆ. ಆ ಪಟ್ಟಿಯನ್ನಷ್ಟೇ ನೋಡಿ ಉತ್ತರ ಹೇಳುವುದು ಕಷ್ಟ. ಅದರಲ್ಲಿ ಎಲ್ಲಕ್ಕಿಂತ ಮೊದಲು ಇರಬೇಕಾದ ವಿವರವೇ ಇರುವುದಿಲ್ಲ: ಬೈಕ್ ಓಡುವ ನೆಲ ಎಂಥದು? ಬೆಂಗಳೂರಿನ ಸುತ್ತಲಿನ ಬಂಡೆ ಮತ್ತು ಗರಸಿನ ಮೇಲೆ ಹಗುರವಾಗಿ ಓಡುವ ಟೈರು ಆಷಾಢದ ಸಕಲೇಶಪುರದಲ್ಲಿ ನೆಲ ಕಚ್ಚುವುದಿಲ್ಲ; ಮಲೆನಾಡಿಗೆಂದು ಕೊಂಡ ದಪ್ಪ ಟೈರು ಗದಗದ ಎರೆಹೊಲದ ದಾರಿಯಲ್ಲಿ ಒಂದು ಮಳೆ ಬಿದ್ದ ಮೇಲೆ ಚಕ್ರವನ್ನೇ ತಿರುಗಗೊಡುವುದಿಲ್ಲ. ಆದ್ದರಿಂದ ಇಲ್ಲಿ ಬೈಕಿಗೆ ಕೊಟ್ಟಷ್ಟೇ ಜಾಗವನ್ನು ಟೈರಿಗೂ ಕೊಟ್ಟಿದ್ದೇನೆ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುವುದಾದರೆ, ಕೈಯಲ್ಲಿರುವ ಹಣದಲ್ಲಿ ಒಂದು ಪಾಲನ್ನು ಟೈರಿಗೆಂದು ತೆಗೆದಿಟ್ಟು ಉಳಿದದ್ದರಲ್ಲಿ ಬೈಕ್ ಆರಿಸುವವರು, ಇದ್ದಬದ್ದ ಹಣವನ್ನೆಲ್ಲ ಬೈಕಿಗೇ ಸುರಿದು ಕಂಪನಿ ಹಾಕಿ ಕೊಟ್ಟ ಟೈರಿನಲ್ಲೇ ಕಾಲ ಹಾಕುವವರಿಗಿಂತ ಸುಖವಾಗಿಯೂ ಸುರಕ್ಷಿತವಾಗಿಯೂ ಸವಾರಿ ಮಾಡುತ್ತಾರೆ.

ಏನನ್ನು ತೂಗಿ ನೋಡಬೇಕು

ಮೊದಲ ಅಳತೆಗೋಲು ನೆಲ. ಕರ್ನಾಟಕದ ಮಟ್ಟಿಗೆ ಇದನ್ನು ಸ್ಥೂಲವಾಗಿ ಮೂರು ಬಗೆಯಾಗಿ ನೋಡಬಹುದು. ಬೆಂಗಳೂರು, ರಾಮನಗರ, ಕೋಲಾರ, ತುಮಕೂರುಗಳ ಕಡೆ ಗ್ರಾನೈಟ್ ಬಂಡೆ, ಅದರ ಸುತ್ತ ಗಟ್ಟಿಯಾದ ಕೆಂಪು ನೆಲ, ಆ ನೆಲದ ಮೇಲೆ ಒಂದು ಪದರ ಸಡಿಲ ಗರಸು. ತುರಹಳ್ಳಿ, ಅವಲಹಳ್ಳಿಗಳ ಕಡೆ ಸವಾರಿ ಮಾಡಿದವರಿಗೆ ಇದರ ಸ್ವಭಾವ ಗೊತ್ತು: ಒಣ ಬಂಡೆಯ ಮೇಲೆ ಟೈರು ಚೆನ್ನಾಗಿ ಹಿಡಿಯುತ್ತದೆ, ಬಂಡೆ ಇಳಿದು ತಿರುವಿಗೆ ಬಂದೊಡನೆ ಗೋಲಿಗಳ ಮೇಲೆ ಕಾಲಿಟ್ಟಂತೆ ಜಾರುತ್ತದೆ. ಕೊಡಗು, ಸಕಲೇಶಪುರ, ಚಿಕ್ಕಮಗಳೂರು ಮತ್ತು ಘಟ್ಟದ ಕೆಳಗಿನ ಊರುಗಳಲ್ಲಿ ಜಂಬಿಟ್ಟಿಗೆ ಮಣ್ಣು, ಕಾಫಿ ತೋಟಗಳ ಜೀಪ್ ದಾರಿ, ಮಳೆಗಾಲದಲ್ಲಿ ಪಾಚಿಗಟ್ಟಿದ ಕಲ್ಲು, ದಾರಿಗೆ ಅಡ್ಡಡ್ಡ ಹಾಯ್ದ ಬೇರುಗಳು. ಗದಗ, ಬಾಗಲಕೋಟೆ, ವಿಜಯಪುರಗಳ ಬಯಲಿನಲ್ಲಿ ಎರೆಮಣ್ಣು. ಬೇಸಿಗೆಯಲ್ಲಿ ಬಿರಿದು ಗಟ್ಟಿಯಾಗಿರುತ್ತದೆ, ನೀರು ತಾಗಿದರೆ ಅಂಟು. ಅರಣ್ಯ ಇಲಾಖೆಯ ವ್ಯಾಪ್ತಿಯ ದಾರಿಗಳಿಗೆ ಅನುಮತಿ ಬೇಕೇ ಎಂಬುದನ್ನು ಹೊರಡುವ ಮೊದಲೇ ವಿಚಾರಿಸಿಕೊಳ್ಳುವುದು ಒಳ್ಳೆಯದು. ಇದು ಬೈಕಿನ ಆಯ್ಕೆಯ ಪ್ರಶ್ನೆಯಲ್ಲವಾದರೂ, ಹೋಗಲು ಬಿಡದ ದಾರಿಗೆ ತಕ್ಕ ಬೈಕ್ ಕೊಂಡು ಪ್ರಯೋಜನವಿಲ್ಲ.

ಎರಡನೆಯದು ಸವಾರಿಯ ಹಂಚಿಕೆ. ಒಂದು ಬೆಳಗಿನ ಸವಾರಿಯಲ್ಲಿ ಏರು ಎಷ್ಟು, ಇಳಿಜಾರು ಎಷ್ಟು, ಟ್ರೇಲ್ (ಕಾಡುಗುಡ್ಡಗಳ ಕಚ್ಚಾ ಕಿರುದಾರಿ) ಮುಟ್ಟುವ ಮೊದಲು ಡಾಂಬರು ರಸ್ತೆ ಎಷ್ಟು ಎಂದು ಪ್ರಾಮಾಣಿಕವಾಗಿ ಲೆಕ್ಕ ಹಾಕಿ. ಕಡಿದಾದ ಇಳಿಜಾರಿನಲ್ಲಿ ಹಾರುವ ವಿಡಿಯೊಗಳನ್ನು ನೋಡಿ ಬೈಕ್ ಆರಿಸುವವರು ಹಲವರು, ಆದರೆ ಮನೆಯಿಂದ 15 ಕಿಲೋಮೀಟರ್ ರಸ್ತೆಯಲ್ಲಿ ತುಳಿದು, ಐದಾರು ಕಿಲೋಮೀಟರ್ ಮಣ್ಣಿನಲ್ಲಿ ಸುತ್ತಿ, ಮತ್ತೆ ರಸ್ತೆಯಲ್ಲೇ ಮರಳುವುದು ಅವರ ನಿಜವಾದ ಸವಾರಿಯಾಗಿರುತ್ತದೆ. ಬೈಕನ್ನು ಕಾರಿಗೆ ಕಟ್ಟಿಕೊಂಡು ಹೋಗುವವರ ಲೆಕ್ಕ ಬೇರೆ.

ಮೂರನೆಯದು ಸವಾರರ ಎತ್ತರ ಮತ್ತು ತೂಕ. ಮುಂಚಕ್ರವನ್ನು ಹಿಡಿದು, ನೆಲದ ಏಟಿಗೆ ಕುಗ್ಗುವ ಸ್ಪ್ರಿಂಗ್ ಫೋರ್ಕುಗಳನ್ನು ಒಂದು ಸರಾಸರಿ ತೂಕಕ್ಕೆ ಹೊಂದಿಸಿ ಕಳಿಸಿರುತ್ತಾರಾದ್ದರಿಂದ, 50 ಕಿಲೋ ತೂಗುವವರಿಗೆ ಅವು ಕುಗ್ಗುವುದೇ ಇಲ್ಲ, 95 ಕಿಲೋ ತೂಗುವವರಿಗೆ ಹಳ್ಳ ಸಿಕ್ಕಿದಾಗಲೆಲ್ಲ ತಳ ಮುಟ್ಟುತ್ತವೆ. ನಾಲ್ಕನೆಯದು ಕೊಂಡ ಮೇಲಿನ ಖರ್ಚು. ಬೈಕಿನ ಬೆಲೆ ಒಮ್ಮೆ ಕೊಟ್ಟರೆ ಮುಗಿಯಿತು. ಟೈರು, ಚೈನು, ಬ್ರೇಕ್ ಪ್ಯಾಡು, ಫೋರ್ಕಿನ ಎಣ್ಣೆ ಇವು ಪ್ರತಿ ವರ್ಷ ಕೇಳುತ್ತವೆ. ನಿಮ್ಮ ಊರಿನಲ್ಲಿ ಹೈಡ್ರಾಲಿಕ್ (ದ್ರವದ ಒತ್ತಡದಿಂದ ಕೆಲಸ ಮಾಡುವ) ಬ್ರೇಕಿನೊಳಗೆ ಸೇರಿದ ಗಾಳಿ ತೆಗೆಯಬಲ್ಲ ಮೆಕ್ಯಾನಿಕ್ ಇದ್ದಾರೆಯೇ ಎಂಬ ಪ್ರಶ್ನೆ, ಫ್ರೇಮ್ ಕಾರ್ಬನ್ನಿನದೋ ಅಲ್ಯೂಮಿನಿಯಮ್ಮಿನದೋ ಎಂಬುದಕ್ಕಿಂತ ದೊಡ್ಡದು.

ಬೈಕ್: ಯಾವುದು ಯಾರಿಗೆ

ಮೊದಲು ಒಂದನ್ನು ಪಟ್ಟಿಯಿಂದಲೇ ಹೊರಗಿಡೋಣ. ಹದಿನೈದು ಇಪ್ಪತ್ತು ಸಾವಿರಕ್ಕೆ ಸಿಗುವ ‘ಡಬಲ್ ಶಾಕರ್’ ಸೈಕಲ್ಲುಗಳು ನೋಡಲು ಫುಲ್ ಸಸ್ಪೆನ್ಷನ್ ಬೈಕಿನಂತೆ, ಎಂದರೆ ಮುಂದೆ ಹಿಂದೆ ಎರಡೂ ಕಡೆ ಏಟು ತಡೆಯುವ ವ್ಯವಸ್ಥೆಯಿರುವ ಬೈಕಿನಂತೆ, ಇದ್ದರೂ, ಅವುಗಳ ಹಿಂದಿನ ಶಾಕರ್ ಬರಿಯ ಸ್ಪ್ರಿಂಗ್. ಕುಗ್ಗಿದ ಸ್ಪ್ರಿಂಗ್ ಮರಳಿ ಏಳುವ ವೇಗವನ್ನು ತಡೆಯುವ ಎಣ್ಣೆಯ ವ್ಯವಸ್ಥೆ ಅದರಲ್ಲಿರುವುದಿಲ್ಲ. ತುಳಿದ ಶಕ್ತಿಯಲ್ಲಿ ಒಂದಷ್ಟು ಸ್ಪ್ರಿಂಗಿಗೇ ಹೋಗುತ್ತದೆ, ಇಳಿಜಾರಿನಲ್ಲಿ ಹಿಂಬದಿ ಪುಟಿಯುತ್ತದೆ, ಕೆಲವು ತಿಂಗಳಲ್ಲಿ ಕೀಲುಗಳು ಲಡಲಡ ಎನ್ನುತ್ತವೆ. ಅಷ್ಟೇ ಹಣಕ್ಕೆ ಕುಗ್ಗದ ಗಟ್ಟಿ ಫೋರ್ಕಿನ ಸರಳ ಸೈಕಲ್ ಕೊಂಡರೆ ಅದು ಹೆಚ್ಚು ಬಾಳುತ್ತದೆ.

ಐವತ್ತು ಸಾವಿರದ ಆಸುಪಾಸಿನಲ್ಲಿ ಸಿಗುವುದು ಆರಂಭಿಕ ಹಾರ್ಡ್‌ಟೇಲ್, ಎಂದರೆ ಮುಂದೆ ಮಾತ್ರ ಸಸ್ಪೆನ್ಷನ್ ಇರುವ ಬೈಕ್. ಸಾಮಾನ್ಯವಾಗಿ 100 ಮಿಲಿಮೀಟರ್ ಕುಗ್ಗುವ ಸ್ಪ್ರಿಂಗ್ ಫೋರ್ಕ್, ಅಲ್ಯೂಮಿನಿಯಮ್ ಫ್ರೇಮ್, ಎಂಟೋ ಒಂಬತ್ತೋ ಹಲ್ಲುಚಕ್ರಗಳ ಹಿಂಬದಿ, ಡಿಸ್ಕ್ ಬ್ರೇಕ್. ಮಣ್ಣಿನ ದಾರಿ, ತೋಟದ ರಸ್ತೆ, ಸುಲಭದ ಟ್ರೇಲುಗಳಿಗೆ ಇದು ಸಾಕು, ಮತ್ತು ಕಲಿಯುವವರಿಗೆ ಇದಕ್ಕಿಂತ ದುಬಾರಿಯದು ಬೇಕಿಲ್ಲ. ಆದರೆ ಇಲ್ಲಿ ಎರಡು ಸಂಗತಿಗಳನ್ನು ಅಂಗಡಿಯಲ್ಲೇ ಬಗ್ಗಿ ನೋಡಬೇಕು. ಒಂದು, ಹ್ಯಾಂಡಲ್ ಕೆಳಗಿನ ಹೆಡ್ ಟ್ಯೂಬ್ ಕೆಳಭಾಗದಲ್ಲಿ ಅಗಲವಾಗುತ್ತದೆಯೇ, ಇಲ್ಲವೇ ಮೇಲಿನಿಂದ ಕೆಳಗಿನವರೆಗೆ ಒಂದೇ ದಪ್ಪವೇ? ಅಗಲವಾಗಿದ್ದರೆ ಮುಂದೊಂದು ದಿನ ಒಳ್ಳೆಯ ಏರ್ ಫೋರ್ಕ್ (ಸ್ಪ್ರಿಂಗಿನ ಬದಲು ಗಾಳಿಯ ಒತ್ತಡದಿಂದ ಕೆಲಸ ಮಾಡುವುದು) ಹಾಕಿಸಬಹುದು; ಒಂದೇ ದಪ್ಪದ್ದಾದರೆ ಇಂದಿನ ಒಳ್ಳೆಯ ಫೋರ್ಕುಗಳಲ್ಲಿ ಬಹುಪಾಲು ಅದಕ್ಕೆ ಕೂರುವುದಿಲ್ಲ. ಎರಡು, ಹಿಂದಿನ ಗೇರುಗಳು ಜಾರಿಸಿ ಕೂರಿಸುವ ಕ್ಯಾಸೆಟ್ ಬಗೆಯವೋ, ತಿರುಪಿ ಕೂರಿಸುವ ಫ್ರೀವೀಲ್ ಬಗೆಯವೋ? ಫ್ರೀವೀಲಿನ ಹಬ್ಬಿನಲ್ಲಿ, ಎಂದರೆ ಚಕ್ರದ ನಡುಭಾಗದಲ್ಲಿ, ಬಲಬದಿಯ ಬೇರಿಂಗ್ ಒಳಗೆ ಕೂರುವುದರಿಂದ ಆಕ್ಸಲ್ಲಿನ ಉದ್ದ ಭಾಗಕ್ಕೆ ಆಸರೆ ಇರುವುದಿಲ್ಲ. ಭಾರವಿರುವವರು ಕಲ್ಲಿನ ದಾರಿಯಲ್ಲಿ ಓಡಿಸಿದರೆ ಅದು ಬಾಗುತ್ತದೆ.

ಲಕ್ಷದ ಸುತ್ತಮುತ್ತಲಿನ ಹಣವಿದ್ದರೆ ದಾರಿ ಎರಡಾಗಿ ಕವಲೊಡೆಯುತ್ತದೆ, ಮತ್ತು ಹೆಚ್ಚಿನವರು ಗೊಂದಲಕ್ಕೆ ಬೀಳುವುದು ಇಲ್ಲಿಯೇ. ಒಂದು ಕ್ರಾಸ್ ಕಂಟ್ರಿ ಹಾರ್ಡ್‌ಟೇಲ್, ಇನ್ನೊಂದು ಟ್ರೇಲ್ ಹಾರ್ಡ್‌ಟೇಲ್. ಎರಡರಲ್ಲೂ ಏರ್ ಫೋರ್ಕ್ ಇರುತ್ತದೆ, ಎರಡರ ಚಿತ್ರವೂ ಒಂದೇ ಬಗೆ ಕಾಣುತ್ತದೆ, ಬೆಲೆಯಲ್ಲೂ ದೊಡ್ಡ ಅಂತರವಿರುವುದಿಲ್ಲ. ವ್ಯತ್ಯಾಸವಿರುವುದು ಜ್ಯಾಮಿತಿಯಲ್ಲಿ. ಕ್ರಾಸ್ ಕಂಟ್ರಿ ಬೈಕಿನ ಹೆಡ್ ಆಂಗಲ್ (ಹೆಡ್ ಟ್ಯೂಬ್ ನೆಲದೊಂದಿಗೆ ಮಾಡುವ ಕೋನ) 67ರಿಂದ 69 ಡಿಗ್ರಿ, ಫೋರ್ಕ್ 100ರಿಂದ 120 ಮಿಲಿಮೀಟರ್. ಟ್ರೇಲ್ ಬೈಕಿನದು 65ರ ಆಸುಪಾಸು, ಫೋರ್ಕ್ 120ರಿಂದ 140. ಕೋನ ಕಡಿಮೆಯಾದಷ್ಟೂ ಮುಂಚಕ್ರ ಸವಾರರಿಂದ ಮುಂದಕ್ಕೆ ಸರಿಯುತ್ತದೆ, ಕಡಿದಾದ ಇಳಿಜಾರಿನಲ್ಲಿ ಹ್ಯಾಂಡಲ್ ಮೇಲಿಂದ ಪಲ್ಟಿ ಹೊಡೆಯುವ ಭಯ ಕಡಿಮೆಯಾಗುತ್ತದೆ. ಅದಕ್ಕೆ ತೆರಬೇಕಾದ ಬೆಲೆಯೆಂದರೆ, ನಿಧಾನವಾಗಿ ಏರು ಹತ್ತುವಾಗ ಮುಂಚಕ್ರ ಅತ್ತಿತ್ತ ಅಲೆಯುತ್ತದೆ, ರಸ್ತೆಯಲ್ಲಿ ಬೈಕ್ ಸ್ವಲ್ಪ ಸೋಮಾರಿ ಎನಿಸುತ್ತದೆ. ಸ್ಪರ್ಧೆಯ ಆಸೆಯಿರುವವರು, ಬಯಲುಸೀಮೆಯ ಉದ್ದ ದಾರಿಗಳಲ್ಲಿ ವೇಗವಾಗಿ ಸಾಗಬೇಕೆನ್ನುವವರು, ರಸ್ತೆಯಲ್ಲೇ ಅರ್ಧ ಸವಾರಿ ಮಾಡುವವರು ಕ್ರಾಸ್ ಕಂಟ್ರಿಯ ಕಡೆಗೇ ಹೋಗಬೇಕು. ವಾರಾಂತ್ಯದಲ್ಲಿ ಬಂಡೆ ಇಳಿಯುವವರಿಗೆ, ಮಲೆನಾಡಿಗೆ ಆಗಾಗ ಹೋಗುವವರಿಗೆ, ಇಳಿಜಾರಿನ ಅಂಜಿಕೆ ಇನ್ನೂ ಬಿಡದವರಿಗೆ ಟ್ರೇಲ್ ಹಾರ್ಡ್‌ಟೇಲ್ ಮೇಲು. ಈ ಕೊನೆಯ ಮಾತನ್ನು ಒತ್ತಿ ಹೇಳುತ್ತೇನೆ: ಇಳಿಜಾರಿಗೆಂದು ಮಾಡಿದ ಜ್ಯಾಮಿತಿ ನುರಿತವರಿಗೆ ಮಾತ್ರ ಎಂಬ ನಂಬಿಕೆ ತಪ್ಪು, ಅದರ ಲಾಭ ಎಲ್ಲರಿಗಿಂತ ಹೆಚ್ಚು ಸಿಗುವುದು ಹೊಸಬರಿಗೆ.

ಟ್ರೇಲ್ ಹಾರ್ಡ್‌ಟೇಲಿನ ಜೊತೆ ಡ್ರಾಪರ್ ಪೋಸ್ಟ್ ಇದ್ದರೆ, ಎಂದರೆ ಹ್ಯಾಂಡಲ್ ಬಳಿಯ ಗುಂಡಿಯೊತ್ತಿ ಸೀಟನ್ನು ಇಳಿಸಬಲ್ಲ ಕಂಬವಿದ್ದರೆ, ಅದಕ್ಕೆ ಕೊಟ್ಟ ಹಣ ದಂಡವಲ್ಲ. ಸೀಟು ಎತ್ತರದಲ್ಲೇ ಇದ್ದಾಗ ಇಳಿಜಾರಿನಲ್ಲಿ ಮೈಯನ್ನು ಹಿಂದಕ್ಕೆ ಎಳೆದುಕೊಳ್ಳಲು ಜಾಗವೇ ಇರುವುದಿಲ್ಲ. ಹನ್ನೆರಡು ಗೇರಿನ ಬೈಕಿಗೂ ಹತ್ತು ಗೇರಿನ ಬೈಕಿಗೂ ನಡುವೆ ತೊಳಲಾಡುತ್ತಿದ್ದರೆ, ಹತ್ತು ಗೇರಿನದನ್ನು ಕೊಂಡು ಉಳಿದ ಹಣದಲ್ಲಿ ಡ್ರಾಪರ್ ಹಾಕಿಸಿ ಎಂಬುದು ನನ್ನ ಸಲಹೆ.

ಇನ್ನು ಫುಲ್ ಸಸ್ಪೆನ್ಷನ್. ನಂಬಿಕೆಯ ಶಾಕ್ ಇರುವ ಹೊಸ ಬೈಕಿಗೆ ಎರಡು ಲಕ್ಷಕ್ಕೂ ಮೇಲೆ, ಬಹುಪಾಲು ಮೂರರ ಹತ್ತಿರ, ಸಿದ್ಧರಿರಬೇಕು. ಹಿಂದೆ 120ರಿಂದ 130 ಮಿಲಿಮೀಟರ್ ಕುಗ್ಗುವ ಬೈಕುಗಳು ಏರಿನಲ್ಲಿ ಹೆಚ್ಚು ದಣಿಸುವುದಿಲ್ಲ, ಬೇರು ಕಲ್ಲುಗಳ ದಾರಿಯಲ್ಲಿ ಹಿಂಚಕ್ರವನ್ನು ನೆಲಕ್ಕೆ ಹತ್ತಿಸಿಯೇ ಇಡುತ್ತವೆ; ಮೂರು ನಾಲ್ಕು ಗಂಟೆ ಸವಾರಿ ಮಾಡುವವರ ಸೊಂಟಕ್ಕೆ ಇದರ ವ್ಯತ್ಯಾಸ ತಿಳಿಯುತ್ತದೆ. 150, 160 ಮಿಲಿಮೀಟರಿನ ಎಂಡ್ಯೂರೊ ಬೈಕುಗಳು ಇಳಿಯುವುದಕ್ಕೆಂದೇ ಹುಟ್ಟಿದವು. ಬೆಟ್ಟದ ಮೇಲಕ್ಕೆ ಜೀಪಿನಲ್ಲಿ ಹೋಗಿ ಕೆಳಕ್ಕೆ ಬೈಕಿನಲ್ಲಿ ಬರುವವರಿಗೆ, ಹಿಮಾಲಯದ ಕಡೆ ಹೋಗುವವರಿಗೆ ಅವು ಸರಿ, ಬೆಂಗಳೂರಿನ ಸುತ್ತಲಿನ ತಗ್ಗುದಿಬ್ಬಗಳಲ್ಲಿ ಅವುಗಳ ಅರ್ಧ ಸಾಮರ್ಥ್ಯವೂ ಬಳಕೆಯಾಗುವುದಿಲ್ಲ, ತೂಕ ಮಾತ್ರ ಪ್ರತಿ ಏರಿನಲ್ಲೂ ಜೊತೆಗಿರುತ್ತದೆ.

ಫುಲ್ ಸಸ್ಪೆನ್ಷನ್ನಿನ ನಿಜವಾದ ಖರ್ಚು ನಿರ್ವಹಣೆಯದು. ಹಿಂಬದಿಯ ಕೀಲುಗಳಲ್ಲಿ ಹಲವು ಬೇರಿಂಗುಗಳಿರುತ್ತವೆ, ಜಂಬಿಟ್ಟಿಗೆಯ ನುಣ್ಣನೆಯ ಕೆಸರು ಅವುಗಳೊಳಗೆ ನುಸುಳುತ್ತದೆ. ಏರ್ ಫೋರ್ಕಿನ ಕೆಳಕಾಲುಗಳ ಎಣ್ಣೆಯನ್ನು ಸುಮಾರು 50 ಗಂಟೆಗಳ ಸವಾರಿಗೊಮ್ಮೆ ಬದಲಿಸಬೇಕೆಂದು ರಾಕ್‌ಶಾಕ್ಸ್ ತನ್ನ ಫೋರ್ಕುಗಳಿಗೆ ಹೇಳುತ್ತದೆ. ಹಿಂದಿನ ಶಾಕಿಗೂ ಇಂಥದೇ ಉಪಚಾರ ಬೇಕು. ಬೆಂಗಳೂರಿನಲ್ಲಿ ಈ ಕೆಲಸ ಮಾಡುವವರು ಸಿಗುತ್ತಾರೆ. ಚಿಕ್ಕ ಊರಿನಲ್ಲಿರುವವರು ಶಾಕನ್ನು ಬಿಚ್ಚಿ ಪಾರ್ಸೆಲ್ ಕಳಿಸಿ, ವಾಪಸು ಬರುವವರೆಗೆ ಬೈಕನ್ನು ಗೋಡೆಗೆ ಒರಗಿಸಿಡಬೇಕಾಗುತ್ತದೆ. ಎರಡು ಲಕ್ಷಕ್ಕೆ ಸಿಗುವ ಅಗ್ಗದ ಫುಲ್ ಸಸ್ಪೆನ್ಷನ್ ಮತ್ತು ಅಷ್ಟೇ ಬೆಲೆಯ ಉತ್ತಮ ಟ್ರೇಲ್ ಹಾರ್ಡ್‌ಟೇಲ್ ಇವೆರಡರ ನಡುವೆ ಆರಿಸಬೇಕಾಗಿ ಬಂದರೆ, ಹಾರ್ಡ್‌ಟೇಲಿನ ಫೋರ್ಕ್, ಬ್ರೇಕ್, ಚಕ್ರಗಳು ಒಂದು ಮಟ್ಟ ಮೇಲಿರುತ್ತವೆ ಎಂಬುದನ್ನು ನೆನಪಿಡಿ. ಬೆನ್ನುನೋವು ಇರುವವರು, ನಡುವಯಸ್ಸು ದಾಟಿದವರು ಈ ಮಾತಿಗೆ ಹೊರತು. ಅವರು ಸ್ವಲ್ಪ ಕಾದು ಹಣ ಕೂಡಿಸಿಯಾದರೂ ಫುಲ್ ಸಸ್ಪೆನ್ಷನ್ ಕೊಳ್ಳುವುದು ಸರಿ.

ಚಕ್ರದ ಅಳತೆಯ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ. 29 ಇಂಚಿನದು ಕಲ್ಲು ತಗ್ಗುಗಳನ್ನು ಸಲೀಸಾಗಿ ದಾಟುತ್ತದೆ, 27.5 ಇಂಚಿನದು ಬಿಗಿ ತಿರುವುಗಳಲ್ಲಿ ಚುರುಕು. ಎತ್ತರ ಕಡಿಮೆಯಿರುವವರಿಗೆ ಚಿಕ್ಕ ಚಕ್ರದಿಂದ ಕಾಲೂರಲು ಅನುಕೂಲ. ಟ್ರೆಕ್‌ನಂಥ ಕೆಲವು ಕಂಪನಿಗಳು ತಮ್ಮ ಚಿಕ್ಕ ಫ್ರೇಮುಗಳಿಗೆ 27.5 ಇಂಚಿನ ಚಕ್ರವನ್ನೇ ಹಾಕಿ ಕೊಡುವುದೂ ಇದಕ್ಕಾಗಿಯೇ. ಬ್ರೇಕುಗಳಲ್ಲಿ ಹೈಡ್ರಾಲಿಕ್ಕನ್ನೇ ಆರಿಸಿ. ಶಿಮಾನೊ ಬ್ರೇಕುಗಳಲ್ಲಿ ಮಿನರಲ್ ಆಯಿಲ್, ಸ್ರಾಮ್‌ನ ಹಲವು ಬ್ರೇಕುಗಳಲ್ಲಿ ಡಾಟ್ ಫ್ಲೂಯಿಡ್ ಇರುತ್ತದೆ. ಡಾಟ್ ಫ್ಲೂಯಿಡ್ ಗಾಳಿಯ ತೇವವನ್ನು ಹೀರಿಕೊಳ್ಳುವುದರಿಂದ, ಅದನ್ನು ಬದಲಿಸುವವರು ಹತ್ತಿರದಲ್ಲಿಲ್ಲದ ಮಳೆನಾಡಿನವರಿಗೆ ಮಿನರಲ್ ಆಯಿಲ್ ಬ್ರೇಕು ಕಡಿಮೆ ತಾಪತ್ರಯದ್ದು.

ಟೈರು: ಹಣ ನಿಜಕ್ಕೂ ಕೆಲಸ ಮಾಡುವ ಜಾಗ

ಆರಂಭಿಕ ಬೈಕುಗಳ ಜೊತೆ ಬರುವ ಟೈರುಗಳು ಹೆಚ್ಚಾಗಿ ತಂತಿಯ ಅಂಚಿನವು, ಗಟ್ಟಿ ರಬ್ಬರಿನವು. ಬೇಗ ಸವೆಯಬಾರದು, ಬೆಲೆ ಏರಬಾರದು ಎಂಬ ಲೆಕ್ಕದಲ್ಲಿ ಹಾಕಿದವು. ಟೈರ್ ಬದಲಿಸಿದ ದಿನ ಅದೇ ಬೈಕ್ ಬೇರೆಯದೇ ಬೈಕಾಗುವುದನ್ನು ಸ್ವತಃ ಕಂಡವರು ಇದನ್ನು ಒಪ್ಪುತ್ತಾರೆ.

ಟೈರಿನ ಪಕ್ಕದಲ್ಲಿ ಅಚ್ಚಾಗಿರುವ ಅಂಕಿಗಳನ್ನು ಓದಲು ಕಲಿಯಿರಿ. 61-622 ಎಂದಿದ್ದರೆ ಅಗಲ 61 ಮಿಲಿಮೀಟರ್, ಎಂದರೆ 2.4 ಇಂಚು, 622 ಎಂಬುದು ರಿಮ್ಮಿನ ವ್ಯಾಸ, 29 ಇಂಚಿನ ಚಕ್ರದ್ದು. 27.5ಕ್ಕೆ ಅದು 584, ಹಳೆಯ 26 ಇಂಚಿನದಕ್ಕೆ 559. ಅಗಲ ಹೆಚ್ಚಾದರೆ ಕಡಿಮೆ ಗಾಳಿಯಲ್ಲಿ ಓಡಿಸಬಹುದು, ಹಿಡಿತ ಹೆಚ್ಚುತ್ತದೆ, ತೂಕವೂ ಹೆಚ್ಚುತ್ತದೆ. ರಿಮ್ಮಿನ ಒಳ ಅಗಲ 25ರಿಂದ 30 ಮಿಲಿಮೀಟರ್ ಇದ್ದರೆ 2.3ರಿಂದ 2.5 ಇಂಚಿನ ಟೈರು ಸರಿಯಾಗಿ ಕೂರುತ್ತದೆ. ಹಳೆಯ ಕಿರಿದಾದ ರಿಮ್ಮಿಗೆ ಅಗಲದ ಟೈರು ಹಾಕಿದರೆ ತಿರುವಿನಲ್ಲಿ ಅದು ಪಕ್ಕಕ್ಕೆ ಮಡಚಿಕೊಳ್ಳುತ್ತದೆ.

ಟೈರಿನ ಮೇಲೆ ಉಬ್ಬಿರುವ ರಬ್ಬರ್ ಬಟನ್ನುಗಳ ವಿನ್ಯಾಸದಲ್ಲಿ ನೋಡಬೇಕಾದದ್ದು ನಡುವಿನ ಸಾಲು ಮತ್ತು ಅಂಚಿನ ಸಾಲು. ನಡುವಿನ ಬಟನ್ನುಗಳು ತಗ್ಗಾಗಿ ಒತ್ತೊತ್ತಾಗಿದ್ದರೆ ಟೈರು ಸಲೀಸಾಗಿ ಉರುಳುತ್ತದೆ. ಅಂಚಿನವು ಎತ್ತರವಾಗಿ ಗಟ್ಟಿಯಾಗಿದ್ದರೆ ಓಲಿದಾಗ ನೆಲ ಕಚ್ಚುತ್ತವೆ. ಮುಂದಿನ ಮತ್ತು ಹಿಂದಿನ ಟೈರುಗಳು ಒಂದೇ ಆಗಿರಬೇಕೆಂದಿಲ್ಲ, ಆಗಿರದಿದ್ದರೇ ಒಳ್ಳೆಯದು. ಹಿಂಚಕ್ರ ಜಾರಿದರೆ ಮೈಯನ್ನು ಸರಿಸಿ ಬೈಕನ್ನು ಸಂಭಾಳಿಸಬಹುದು, ಮುಂಚಕ್ರ ಜಾರಿದರೆ ಯೋಚಿಸುವಷ್ಟರಲ್ಲಿ ನೆಲದ ಮೇಲಿರುತ್ತೀರಿ. ಆದ್ದರಿಂದ ಹೆಚ್ಚು ಕಚ್ಚುವ, ಮೆದು ರಬ್ಬರಿನ ಟೈರು ಮುಂದಕ್ಕೆ; ಹಗುರವಾಗಿ ಉರುಳುವ, ಗಟ್ಟಿ ರಬ್ಬರಿನದು ಹಿಂದಕ್ಕೆ. ಒಂದೇ ಟೈರಿಗೆ ಹಣವಿದ್ದರೆ ಮುಂದಿನದನ್ನು ಬದಲಿಸಿ.

ರಬ್ಬರಿನ ಮೆದುತನದಲ್ಲಿ ಕೊಡುಕೊಳ್ಳುವಿಕೆ ಸ್ಪಷ್ಟವಾಗಿದೆ. ಟೈರು ಕಂಪನಿ ಮ್ಯಾಕ್ಸಿಸ್‌ನ ಹೆಸರುಗಳಲ್ಲಿ ಹೇಳುವುದಾದರೆ ಡ್ಯುಯಲ್ ಗಟ್ಟಿ, ಮ್ಯಾಕ್ಸ್‌ಟೆರಾ ನಡುವಿನದು, ಮ್ಯಾಕ್ಸ್‌ಗ್ರಿಪ್ ತುಂಬ ಮೆದು. ಮೆದು ರಬ್ಬರು ಒದ್ದೆ ಬೇರು, ಒದ್ದೆ ಕಲ್ಲುಗಳ ಮೇಲೆ ಪ್ರಾಣ ಉಳಿಸುತ್ತದೆ. ಅದೇ ರಬ್ಬರನ್ನು ನಮ್ಮ ಒರಟು ಗ್ರಾನೈಟ್ ಮೇಲೆ, ಬೇಸಿಗೆಯ ಡಾಂಬರಿನ ಮೇಲೆ ಓಡಿಸಿದರೆ ಬಟನ್ನುಗಳ ಅಂಚು ಬೇಗ ಹರಿಯುತ್ತದೆ. ಗಮನಿಸಬೇಕಾದ ಮಾತೆಂದರೆ, ಒಂದೇ ಹೆಸರಿನ ಟೈರು ಹಲವು ರಬ್ಬರು, ಹಲವು ಕವಚಗಳಲ್ಲಿ (ಬಟನ್ನುಗಳ ಅಡಿಯ ಟೈರಿನ ಒಡಲು) ಬರುತ್ತದೆ. ಆನ್‌ಲೈನಿನಲ್ಲಿ ಅರ್ಧ ಬೆಲೆಗೆ ಕಂಡ ಮ್ಯಾಕ್ಸಿಸ್ ಮಿನಿಯನ್ ಟೈರು, ತಂತಿಯ ಅಂಚಿನ ಗಟ್ಟಿ ರಬ್ಬರಿನದಾಗಿರುವ ಸಾಧ್ಯತೆ ಇದೆ; ಟ್ಯೂಬ್‌ಲೆಸ್ಸಿಗೆ ಆಗುತ್ತದೆಂದು ಬರೆದಿದೆಯೇ, ಮಡಚಬಹುದಾದ ಅಂಚಿನದೇ, ಯಾವ ರಬ್ಬರು ಎಂಬ ಮೂರನ್ನೂ ಓದಿ ಕೊಳ್ಳಬೇಕು.

ಕವಚದ ವಿಷಯ ತೂಕಕ್ಕೆ ಸಂಬಂಧಿಸಿದ್ದು. ತೆಳು ಕವಚ ನೆಲದ ಏರುಪೇರಿಗೆ ಬಳುಕುತ್ತದೆ, ಚೂಪು ಕಲ್ಲಿಗೆ ಪಕ್ಕ ಸೀಳಿಕೊಳ್ಳುತ್ತದೆ. ಕ್ರಾಸ್ ಕಂಟ್ರಿ ಟೈರು 700 ಗ್ರಾಮಿನ ಆಸುಪಾಸಿನಲ್ಲಿದ್ದರೆ, ಟ್ರೇಲ್ ಟೈರು ಒಂದು ಕಿಲೋ ಮುಟ್ಟುತ್ತದೆ, ಇಳಿಜಾರಿನ ದಪ್ಪ ಕವಚದ್ದು ಅದನ್ನೂ ಮೀರುತ್ತದೆ. ಚಕ್ರದ ಹೊರ ಅಂಚಿನಲ್ಲಿರುವ ಈ ತೂಕ ಪ್ರತಿ ಬಾರಿ ವೇಗ ಹೆಚ್ಚಿಸುವಾಗ ಕಾಲಿಗೆ ತಿಳಿಯುತ್ತದೆ. 80 ಕಿಲೋಗಿಂತ ಹೆಚ್ಚು ತೂಗುವವರು ಹಿಂದಕ್ಕೆ ಒಂದು ಮಟ್ಟ ದಪ್ಪ ಕವಚವನ್ನೇ ಹಾಕುವುದು ಒಳ್ಳೆಯದು.

ಟ್ಯೂಬ್ ಬೇಕೇ ಬೇಡವೇ ಎಂಬ ಪ್ರಶ್ನೆಗೆ ಬಯಲುಸೀಮೆಯಲ್ಲಿ ನೆಗ್ಗಿಲು ಮುಳ್ಳೇ ಉತ್ತರ ಕೊಡುತ್ತದೆ. ಹೊಲದ ಬದುವಿನಲ್ಲಿ, ರಸ್ತೆಯಂಚಿನಲ್ಲಿ ಹಬ್ಬುವ ಈ ಬಳ್ಳಿಯ ಒಣಗಿದ ಕಾಯಿ ಹೇಗೆ ಬಿದ್ದರೂ ಅದರ ಒಂದು ಮುಳ್ಳು ಮೇಲ್ಮುಖವಾಗಿಯೇ ನಿಲ್ಲುತ್ತದೆ. ಫೋಟೊ ತೆಗೆಯಲೆಂದು ದಾರಿ ಬಿಟ್ಟು ಹತ್ತು ಹೆಜ್ಜೆ ತಳ್ಳಿಕೊಂಡು ಹೋದರೂ ಟೈರಿಗೆ ನಾಲ್ಕಾರು ಕಾಯಿ ಚುಚ್ಚಿಕೊಂಡಿರುತ್ತವೆ. ಟ್ಯೂಬಿದ್ದರೆ ನಾಲ್ಕಾರು ಪಂಚರ್. ಟ್ಯೂಬ್‌ಲೆಸ್ಸಿನಲ್ಲಿ ಮುಳ್ಳು ಕಿತ್ತ ಜಾಗದಲ್ಲಿ ಒಳಗೆ ತುಂಬಿರುವ ಬಿಳಿಯ ಸೀಲೆಂಟ್, ಎಂದರೆ ತೂತು ಮುಚ್ಚುವ ದ್ರವ, ಬುಸ್ಸೆಂದು ಗುಳ್ಳೆಯಾಗಿ ಬರುತ್ತದೆ. ಆ ತೂತು ಕೆಳಗೆ ಬರುವಂತೆ ಚಕ್ರವನ್ನು ತಿರುಗಿಸಿ ಸ್ವಲ್ಪ ಹೊತ್ತು ಹಿಡಿದರೆ ಮುಚ್ಚಿಕೊಳ್ಳುತ್ತದೆ, ಗಾಳಿ ಒಂದೆರಡು ಪಿಎಸ್‌ಐ ಇಳಿದಿರುತ್ತದೆ ಅಷ್ಟೆ. ಜಾಲಿ ಮುಳ್ಳು ಇದಕ್ಕಿಂತ ಉದ್ದ, ಆದರೂ ಸೀಲೆಂಟ್ ತಾಜಾ ಇದ್ದರೆ ಸಾಮಾನ್ಯವಾಗಿ ನಿಭಾಯಿಸುತ್ತದೆ. 29 ಇಂಚಿನ ಒಂದು ಟೈರಿಗೆ ಸುಮಾರು 100 ಮಿಲಿಲೀಟರ್ ಬೇಕು, ನಮ್ಮ ಬೇಸಿಗೆಯಲ್ಲಿ ಅದು ಎರಡು ಮೂರು ತಿಂಗಳಲ್ಲಿ ಒಣಗುತ್ತದೆ, ಮತ್ತೆ ತುಂಬಬೇಕು. ವಾರಕ್ಕೊಮ್ಮೆಯೂ ಬೈಕ್ ಹೊರಗೆ ತೆಗೆಯದವರಿಗೆ, ತೋಟದೊಳಗಿನ ಮುಳ್ಳಿಲ್ಲದ ದಾರಿಯಲ್ಲೇ ಓಡಾಡುವವರಿಗೆ ಟ್ಯೂಬೇ ಸಾಕು. ಟ್ಯೂಬ್‌ಲೆಸ್ ಮಾಡಿಸಿದವರೂ ಒಂದು ಟ್ಯೂಬನ್ನು ಚೀಲದಲ್ಲಿಟ್ಟುಕೊಳ್ಳಬೇಕು. ಪಕ್ಕ ಸೀಳಿದರೆ ಸೀಲೆಂಟಿನಿಂದ ಏನೂ ಆಗದು.

ನೆಲಕ್ಕೆ ತಕ್ಕ ಜೋಡಿ

ಬೆಂಗಳೂರಿನ ಸುತ್ತಲಿನ ಬಂಡೆ–ಗರಸಿನ ಸವಾರರು ಅತಿ ಎತ್ತರದ ಬಟನ್ನುಗಳ ಆಸೆಗೆ ಬೀಳಬಾರದು. ಗಟ್ಟಿ ನೆಲದ ಮೇಲೆ ಎತ್ತರದ ಬಟನ್ನುಗಳು ಒಳಹೊಗಲು ಜಾಗವಿಲ್ಲದೆ ಬಾಗುತ್ತವೆ, ಓಲಿದಾಗ ಇದ್ದಕ್ಕಿದ್ದಂತೆ ಕೈಬಿಡುತ್ತವೆ. ಮುಂದೆ 2.4 ಇಂಚಿನ ಮ್ಯಾಕ್ಸಿಸ್ ರೀಕಾನ್ ಅಥವಾ ಷ್ವಾಲ್ಬೆ ನಾಬಿ ನಿಕ್ ಬಗೆಯದು, ಹಿಂದೆ ಐಕಾನ್ ಅಥವಾ ವಿಟೋರಿಯಾ ಮೆಜ್ಕಾಲ್ ಬಗೆಯದು ಇದ್ದರೆ ರಸ್ತೆಯ ದೂರವೂ ಸಾಗುತ್ತದೆ, ಟ್ರೇಲಿನಲ್ಲಿಯೂ ನಂಬಿಕೆ ಇರುತ್ತದೆ. ಬಂಡೆಯಿಳಿಯುವುದೇ ಮುಖ್ಯವೆನ್ನುವವರು ಮುಂದೆ ಮಾತ್ರ ಮಿನಿಯನ್ ಡಿಎಚ್‌ಎಫ್‌ಗೆ ಏರಬಹುದು. ಇದಕ್ಕೆ ಜೊತೆಯಾಗಿ ಟ್ರೇಲ್ ಹಾರ್ಡ್‌ಟೇಲ್ ಇದ್ದರೆ ಈ ಭಾಗದ ಬಹುತೇಕ ದಾರಿಗಳಿಗೆ ಬೇರೇನೂ ಬೇಕಾಗುವುದಿಲ್ಲ.

ಮಲೆನಾಡಿಗೆ ಮಳೆಗಾಲ ಮುಗಿದ ಮೇಲೆ, ನವೆಂಬರಿನಿಂದ ಮಾರ್ಚಿನವರೆಗೆ ಮಾತ್ರ ಹೋಗುವವರು ಮೇಲಿನ ಜೋಡಿಯಲ್ಲಿ ಮುಂದಿನ ಟೈರನ್ನು ಒಂದು ಮಟ್ಟ ಏರಿಸಿಕೊಂಡರೆ ಸಾಕು. ಅಲ್ಲಿಯೇ ನೆಲೆಸಿ ಮಳೆಯಲ್ಲೂ ಓಡಿಸುವವರಿಗೆ ಮುಂದೆ ಷ್ವಾಲ್ಬೆ ಮ್ಯಾಜಿಕ್ ಮೇರಿ ಅಥವಾ ಮ್ಯಾಕ್ಸಿಸ್ ಅಸೆಗೈ ಬಗೆಯ ಎತ್ತರದ ಬಟನ್, ಮೆದು ರಬ್ಬರ್. ಹಿಂದೆ ಬ್ರೇಕ್ ಹಿಡಿದಾಗ ನೆಲ ಅಗೆಯಬಲ್ಲ ಮಿನಿಯನ್ ಡಿಎಚ್‌ಆರ್ 2 ಬಗೆಯದು. ರಸ್ತೆಯಲ್ಲಿ ಇವು ಗುಂಯ್‌ಗುಡುತ್ತವೆ, ಕಾಲು ಸೋಲಿಸುತ್ತವೆ, ಅದನ್ನು ಒಪ್ಪಿಕೊಳ್ಳಬೇಕು. ಪಾಚಿ ಹಿಡಿದ ಕಲ್ಲಿನ ಮೇಲೆ ಯಾವ ಟೈರೂ ಪೂರ್ತಿ ನಿಲ್ಲದು. ಅಲ್ಲಿ ಇಳಿದು ನಡೆಯುವುದರಲ್ಲಿ ಅವಮಾನವಿಲ್ಲ. ಹಣವಿದ್ದು, ಕೀಲುಗಳನ್ನು ತೊಳೆದು ಒಣಗಿಸುವ ತಾಳ್ಮೆಯೂ ಇದ್ದರೆ 130 ಮಿಲಿಮೀಟರಿನ ಫುಲ್ ಸಸ್ಪೆನ್ಷನ್ ತನ್ನ ಬೆಲೆಗೆ ತಕ್ಕ ಸುಖ ಕೊಡುವುದು ಕರ್ನಾಟಕದಲ್ಲಿ ಇಲ್ಲಿಯೇ.

ಎರೆಮಣ್ಣಿನ ನಾಡಿನಲ್ಲಿ ಲೆಕ್ಕವೆಲ್ಲ ತಿರುವುಮುರುವು. ಒಣಗಿದ ಕಾಲದಲ್ಲಿ ಅದು ವೇಗದ ನೆಲ, 2.2 ಇಂಚಿನ ತಗ್ಗು ಬಟನ್ನಿನ ಟೈರು, ಕ್ರಾಸ್ ಕಂಟ್ರಿ ಹಾರ್ಡ್‌ಟೇಲ್ ಸಾಕು. ಮಳೆ ಬಿದ್ದ ಮೇಲೆ ಮಣ್ಣು ಮೊದಲು ಬಟನ್ನುಗಳ ನಡುವೆ ತುಂಬಿ ಟೈರನ್ನು ಬೋಳು ಮಾಡುತ್ತದೆ, ಆಮೇಲೆ ಪದರ ಪದರವಾಗಿ ಏರಿ ಪೆಡಲಿನ ಹಿಂದೆ ಫ್ರೇಮಿನ ಎರಡು ಕೊಳವೆಗಳು ಕೂಡುವಲ್ಲಿ ಗಟ್ಟಿಯಾಗಿ ಕೂರುತ್ತದೆ. ಜೋಳದ ಕೂಳೆಯೂ ಅದರೊಳಗೆ ಸೇರಿಕೊಂಡರೆ ಕಡ್ಡಿಯಿಂದ ಕೆದರಿದರೂ ಬರುವುದಿಲ್ಲ. ಆಗಲೂ ಬಲವಾಗಿ ತುಳಿದರೆ ಚೈನನ್ನು ಗೇರಿನಿಂದ ಗೇರಿಗೆ ಸರಿಸುವ ಹಿಂದಿನ ಡಿರೇಲರ್ ಚಕ್ರದ ಕಡ್ಡಿಗಳೊಳಗೆ ಸಿಕ್ಕಿ, ಅದನ್ನು ಫ್ರೇಮಿಗೆ ಹಿಡಿದಿಡುವ ಹ್ಯಾಂಗರ್ ಮುರಿಯುತ್ತದೆ. ಇಲ್ಲಿನವರು ಬೈಕ್ ಆರಿಸುವಾಗ ಟೈರಿಗೂ ಫ್ರೇಮಿಗೂ ನಡುವೆ ಎರಡೂ ಬದಿಯಲ್ಲಿ ಬೆರಳು ತೂರುವಷ್ಟು ಜಾಗವಿದೆಯೇ ಎಂದು ನೋಡಬೇಕು, ಟೈರನ್ನು ಅಗಲಕ್ಕಲ್ಲ, ಬಟನ್ನುಗಳ ನಡುವಿನ ಅಂತರಕ್ಕೆ ಆರಿಸಬೇಕು, ಮತ್ತು ಒಂದು ಹ್ಯಾಂಗರನ್ನು ಹೆಚ್ಚಿಗೆ ಕೊಂಡಿಡಬೇಕು. ಕೆಸರಿಗೆಂದೇ ಇರುವ ಶಾರ್ಟಿಯಂಥ ಟೈರುಗಳು ಒಂದಷ್ಟು ಹೊತ್ತು ಮಾತ್ರ ಸಹಾಯ ಮಾಡುತ್ತವೆ. ಮಳೆ ಬಂದ ಮರುದಿನ ಹೊಲದ ದಾರಿ ಬಿಟ್ಟು ಗುಡ್ಡದ ಗರಸಿನ ಕಡೆ ಹೋಗುವುದೇ ಜಾಣತನ.

ಹಣ ಕಡಿಮೆಯಿರುವ ವಿದ್ಯಾರ್ಥಿಗಳಿಗೆ ನನ್ನ ಸಲಹೆ ಇಷ್ಟೇ: ಅಗಲವಾಗುವ ಹೆಡ್ ಟ್ಯೂಬ್ ಇರುವ ಆರಂಭಿಕ ಹಾರ್ಡ್‌ಟೇಲ್ ಕೊಳ್ಳಿ, ಮೊದಲ ವರ್ಷ ಮುಂದಿನ ಟೈರನ್ನು ಮಾತ್ರ ಬದಲಿಸಿ, ಫೋರ್ಕಿನ ಯೋಚನೆ ಆಮೇಲೆ.

ಕೊಂಡ ಮೇಲೆ, ಕೊಳ್ಳುವ ಮೊದಲು

ಗಾಳಿಯ ಒತ್ತಡವನ್ನು ಪೆಟ್ರೋಲ್ ಬಂಕಿನಲ್ಲಿ ಕೈಯಿಂದ ಒತ್ತಿ ನೋಡಿ ನಿರ್ಧರಿಸುವ ಅಭ್ಯಾಸ ಬಿಡಬೇಕು. 70 ಕಿಲೋ ತೂಗುವವರು 2.4 ಇಂಚಿನ ಟ್ಯೂಬ್‌ಲೆಸ್ ಟೈರಿನಲ್ಲಿ ಮುಂದೆ 21, ಹಿಂದೆ 24 ಪಿಎಸ್‌ಐಯಿಂದ ಆರಂಭಿಸಬಹುದು; ಟ್ಯೂಬಿದ್ದರೆ ನಾಲ್ಕೈದು ಹೆಚ್ಚಿಗೆ. ಅಲ್ಲಿಂದ ಒಂದೊಂದೇ ಪಿಎಸ್‌ಐ ಇಳಿಸುತ್ತ ಹೋಗಿ, ಕಲ್ಲಿಗೆ ರಿಮ್ ಠಣ್ ಎಂದು ಬಡಿದರೆ ಅಥವಾ ತಿರುವಿನಲ್ಲಿ ಟೈರು ಮಡಚಿಕೊಂಡಂತೆ ಅನಿಸಿದರೆ ಎರಡು ಏರಿಸಿ. ಏರ್ ಫೋರ್ಕಿಗೆ ಬೇರೆಯದೇ ಶಾಕ್ ಪಂಪ್ ಬೇಕು. ಸವಾರಿಯ ಉಡುಪಿನಲ್ಲಿ ಬೈಕಿನ ಮೇಲೆ ನಿಂತಾಗ ಫೋರ್ಕ್ ತನ್ನ ಒಟ್ಟು ಚಲನೆಯ ಐದನೇ ಒಂದು ಭಾಗದಷ್ಟು, ಹಿಂದಿನ ಶಾಕ್ ಇದ್ದರೆ ಅದು ಕೂತಾಗ ಶೇಕಡ 25ರಿಂದ 30ರಷ್ಟು ಕುಗ್ಗಬೇಕು.

ಹಳೆಯ ಬೈಕ್ ಕೊಳ್ಳುವುದು ಮೌಂಟನ್ ಬೈಕಿನ ಮಟ್ಟಿಗೆ ಒಳ್ಳೆಯ ದಾರಿಯೇ, ಬೆಂಗಳೂರಿನಲ್ಲಿ ಕೊಂಡು ಬಳಸದೆ ಬಾಲ್ಕನಿಯಲ್ಲಿ ಇಟ್ಟ ಬೈಕುಗಳು ಆಗಾಗ ಮಾರಾಟಕ್ಕೆ ಬರುತ್ತವೆ. ನೋಡಲು ಹೋದಾಗ ಫೋರ್ಕಿನ ಹೊಳೆಯುವ ಕಾಲುಗಳ ಮೇಲೆ ಉಗುರು ಆಡಿಸಿ. ಗೀರು ಉಗುರಿಗೆ ತಗುಲಿದರೆ ಎಣ್ಣೆ ಸೋರುವ ಕಾಲ ದೂರವಿಲ್ಲ, ಅದರ ರಿಪೇರಿ ಖರ್ಚನ್ನು ಬೆಲೆಯಲ್ಲಿ ಕಳೆಯಬೇಕು. ಫುಲ್ ಸಸ್ಪೆನ್ಷನ್ನಾದರೆ ಸೀಟು ಹಿಡಿದು ಬೈಕನ್ನು ನೆಲದಿಂದ ಮೆಲ್ಲನೆ ಎತ್ತಿ ನೋಡಿ: ಹಿಂಚಕ್ರ ಏಳುವ ಮೊದಲು ಒಂದು ಸಣ್ಣ ಟಕ್ ಎಂದರೆ ಕೀಲಿನ ಬೇರಿಂಗುಗಳೋ ಶಾಕಿನ ಬುಶ್ಶುಗಳೋ ಸವೆದಿವೆ. ಪೆಡಲ್ ಹತ್ತಿರದ ಬೆಸುಗೆ ಮತ್ತು ಹೆಡ್ ಟ್ಯೂಬಿನ ಕೆಳಗಿನ ಬೆಸುಗೆಯ ಬಳಿ ಬಣ್ಣ ಕೂದಲೆಳೆಯಷ್ಟು ಬಿರಿದಿದ್ದರೂ ಅಂಥ ಫ್ರೇಮನ್ನು ಮುಟ್ಟಬೇಡಿ. ಸಾಮಾನ್ಯವಾಗಿ ಎರಡು ಪೆಡಲುಗಳ ನಡುವೆ ಫ್ರೇಮಿನ ಅಡಿಭಾಗದಲ್ಲಿ ಕೊರೆದಿರುವ ಫ್ರೇಮ್ ನಂಬರನ್ನು ಮೂಲ ಬಿಲ್ಲಿನೊಂದಿಗೆ ತಾಳೆ ನೋಡಿ, ಬಿಲ್ ಕಳೆದುಹೋಗಿದೆ ಎಂದರೆ ಮಾರಿದ ಅಂಗಡಿಯಿಂದ ಅದರ ಪ್ರತಿಯನ್ನು ತರಿಸಿಕೊಡಲು ಹೇಳಿ. ಅದೂ ಆಗದಿದ್ದರೆ, ಬೆಲೆ ಎಷ್ಟೇ ಇಳಿದರೂ, ಆ ಬೈಕನ್ನು ಅಲ್ಲಿಯೇ ಬಿಟ್ಟು ಬನ್ನಿ.